ಹುಣಸೆಮರದ ಬಂದೂಕು

"ಮೊಳೆ ಕೀಳ್ಬ್ಯಾಡಿ ಸ್ವಾಮಿ," ಅಂದಳು ಪುಟ್ಟತಾಯಮ್ಮ. "ಮರ ಕಡ್ದಿದ್ದಾಯ್ತು, ಸರ್ಕಾರದ ರಸ್ತೆ, ಯಾರ್ ಬ್ಯಾಡ ಅಂತಾರೆ? ಆದ್ರೆ ಆ ಮೊಳೆಗಳ್ನ ಮಾತ್ರ ಇದ್ದಂಗೇ ಬುಟ್ಬುಡಿ."

ಇಲವಾಲದ ಹತ್ತಿರ ರಸ್ತೆ ಅಗಲ ಮಾಡುವ ಕಂಟ್ರಾಕ್ಟು ಹಿಡಿದಿದ್ದ ವಿಜಯ್‌ಕುಮಾರ್ ಉರುಳಿಬಿದ್ದ ಹುಣಸೆಮರದ ಮೇಲೆ ಬೂಟುಗಾಲು ಇಟ್ಟುಕೊಂಡು ನಿಂತಿದ್ದ. ಬೆಂಗಳೂರಿನಿಂದ ಮೈಸೂರಿಗೆ ಬಂದು ಎರಡು ವರ್ಷವಾಗಿತ್ತು. ಇಲ್ಲಿಯವರ ಭಯಭಕ್ತಿಯೆಲ್ಲ ಅವನಿಗೆ ಇನ್ನೂ ತಮಾಷೆಯೇ. ಮುದುಕಿಯ ಮಾತು ಅವನ ಕಿವಿಗೆ ಬಿದ್ದಿದ್ದೇ ಅರ್ಧ. ಅವನ ಕಣ್ಣೆಲ್ಲ ಕೊಯ್ದ ಕಾಂಡದ ಮೇಲಿತ್ತು. ಒಳಗಿನ ತಿರುಳು ಕಪ್ಪುಗೆಂಪಾಗಿತ್ತು. ತುಕ್ಕು ಹಿಡಿದ ಮೊಳೆಗಳ ಸುತ್ತ ಕಬ್ಬಿಣದ ಕಪ್ಪು ಮರದೊಳಕ್ಕೆ ಇಳಿದು ಹೊಗೆಯ ಹಾಗೆ ಹರಡಿತ್ತು. ಎಂಥಾ ಚಂದ!

ಈ ಮನುಷ್ಯನಿಗೆ ಬೇಟೆಯ ಹುಚ್ಚಿತ್ತು. ನಮ್ಮಲ್ಲಿ ಮೊಲ ಹೊಡೆದರೂ ಜೈಲು. ಆದರೆ ಆಫ್ರಿಕದ ನಮೀಬಿಯಾದಲ್ಲಿ ಪರವಾನಗಿ ಪಡೆದು ಕಾಡೆಮ್ಮೆಯನ್ನೇ ಹೊಡೆಯಬಹುದಂತೆ. ಹೋಗುವುದೇನೋ ಖಾತ್ರಿಯಾಗಿತ್ತು. ಅಲ್ಲಿಗೆ ಯಾರದೋ ಅಳತೆಯ ರೈಫಲ್ ಒಯ್ಯುವುದು ಅವನಿಗೆ ಬೇಡ. ಲೈಸೆನ್ಸ್ ಮಾಡಿಸಿ, ನಳಿಗೆ ತರಿಸಿಟ್ಟುಕೊಂಡಿದ್ದ. ತನ್ನ ಭುಜಕ್ಕೆ, ತನ್ನ ಕೆನ್ನೆಗೆ ಹೊಂದುವ ಮರದ ಹಿಡಿಯೊಂದು ಬಾಕಿಯಿತ್ತು. ಅದು ಈಗ ಕಾಲಡಿಯಲ್ಲೇ ಬಿದ್ದಿತ್ತು.

"ಏನಿದೆ ಅಜ್ಜಿ ಈ ಮೊಳೇಲಿ, ದೆವ್ವಾನಾ?"

"ಮಾಟ. ಒಬ್ಬ ಬೇಟೆಗಾರನ ಕಣ್ಣಿಗೆ ಯಾರೋ ಮಾಡ್ಸಿದ್ರು. ಅವನ ಮನೇಲಿ ಒಂದು ಜೀವಾನೂ ಉಳೀಲಿಲ್ಲ. ಅದ್ನ ನಮ್ಮಪ್ಪ ತಂದು ಮೊಳೆ ಹೊಡ್ದು ಈ ಮರಕ್ಕೆ ಕಟ್ದ." ಅವಳ ದನಿ ತಗ್ಗಿತು. "ಕಿತ್ರೆ ಕಿತ್ರಿ, ಈ ಮರಾನ ಪೂಜೆಗೆ ಮಾತ್ರ ಇಡ್ಬ್ಯಾಡಿ. ಕಟ್ಟಿದ್ದಕ್ಕೆ ಪೂಜೆ ಮಾಡಿದ್ರೆ ಕೈಮುಗ್ದು ಮನೆಯೊಳಕ್ಕೆ ಕರ್ದಂಗೆ."

ವಿಜಯ್‌ಕುಮಾರ್ ನಕ್ಕ. ಕೂಲಿಯವರು ಮೊಳೆ ಮೀಟಲು ಒಪ್ಪಲಿಲ್ಲ. ತಾನೇ ಇಕ್ಕಳ ಹಿಡಿದು ಒಂದೊಂದಾಗಿ ಕಿತ್ತ. ಕೀಳುವಾಗ ಒಂದೊಂದೂ ಕುಂಯ್ ಎಂದು ಮರಿನಾಯಿಯ ಹಾಗೆ ಅಳುತ್ತಿತ್ತು. ಅದಕ್ಕೂ ನಕ್ಕ.

ಅಗ್ರಹಾರದ ಓಣಿಯಲ್ಲಿ ಬಂದೂಕು ರಿಪೇರಿ ಮಾಡುವ ಲಕ್ಷ್ಮೀನರಸಿಂಹ ಅವನ ತೋಳು, ಕತ್ತು, ಕೆನ್ನೆಯೆಲುಬು ಎಲ್ಲದರ ಅಳತೆ ತೆಗೆದುಕೊಂಡು ಹಿಡಿ ಕೆತ್ತಿಕೊಟ್ಟ. "ಉಜ್ಜುವಾಗ ಕೂದಲು ಸುಟ್ಟ ವಾಸನೆ ಬರ್ತಿತ್ತು ಸಾರ್," ಎಂದ. ಬೇಗ ತೆಗೆದುಕೊಂಡು ಹೋದರೆ ಸಾಕು ಎನ್ನುವಂತಿದ್ದ.

ಆಯುಧಪೂಜೆಯ ಬೆಳಿಗ್ಗೆ. ಸರಸ್ವತಿಪುರಂನ ಮನೆಯ ಹಜಾರದಲ್ಲಿ ಹೆಂಡತಿ ಮಂಜುಶ್ರೀ ಚಾಕು, ಸುತ್ತಿಗೆ, ಹೊಲಿಗೆಯಂತ್ರವನ್ನೆಲ್ಲ ಸಾಲಾಗಿ ಇಟ್ಟು ಸೇವಂತಿಗೆ ಏರಿಸುತ್ತಿದ್ದಳು. ಗಂಧದಕಡ್ಡಿ, ಕರ್ಪೂರ, ಒಲೆಯ ಮೇಲಿನ ಹುಗ್ಗಿ, ಎಲ್ಲದರ ವಾಸನೆ ಬೆರೆತಿತ್ತು. ಮುದುಕಿಯ ಮಾತನ್ನು ಅವನೇ ಅಣಕಿಸಿ ಹೇಳಿದ್ದರಿಂದ ಅವಳಿಗೆ ಅಳುಕಿತ್ತು.

"ಬಂದೂಕು ಬೀರುನಲ್ಲೇ ಇರ್ಲಿ ಬಿಡ್ರೀ."

"ಮಿಕ್ಸಿಗೆ ಪೂಜೆ, ಸ್ಕೂಟರಿಗೆ ಪೂಜೆ. ನನ್ನ ರೈಫಲ್ಲಿಗೆ ಮಾತ್ರ ಬೀರುನಾ?"

ತಂದು ನಡುವೆ ಇಟ್ಟ. ಅರಿಶಿನ ಹಚ್ಚಿದ, ಕುಂಕುಮ ಇಟ್ಟ, ಕೈಮುಗಿದ. ಮಂಗಳಾರತಿಯ ಹೊತ್ತಿಗೆ ಕರ್ಪೂರದ ಉರಿ ಒಂದೇ ಸಮನೆ ಬಂದೂಕಿನ ಕಡೆಗೇ ಬಾಗಿತು. ಫ್ಯಾನು ನಿಂತಿತ್ತು, ಕಿಟಕಿಗಳೂ ಮುಚ್ಚಿದ್ದವು. ಮಂಜುಶ್ರೀ ಗಂಡನ ಮುಖ ನೋಡಿದಳು. ಅವನು ನೋಡದವನ ಹಾಗೆ ತೀರ್ಥ ತೆಗೆದುಕೊಂಡ.

ಅವಳು ಊಟಕ್ಕೆ ಬಡಿಸಲು ಒಳಗೆ ಹೋದಾಗ ಅವನು ಬಂದೂಕು ಎತ್ತಿಕೊಂಡ. ಗುಂಡುಗಳನ್ನು ಇನ್ನೂ ಕೊಂಡೇ ಇರಲಿಲ್ಲ, ಹಾಗಾಗಿ ಧೈರ್ಯ. ಭುಜಕ್ಕೆ ಆನಿಸಿದ, ಕೆನ್ನೆ ಒತ್ತಿದ, ನಳಿಗೆಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟ. ಎಷ್ಟು ಹದವಾಗಿ ಕೂತಿತೆಂದರೆ ಅವನಿಗೆ ಖುಷಿಯಿಂದ ಮೈ ಜುಂ ಎಂದಿತು.

ಮರ ಬೆಚ್ಚಗಿತ್ತು. ಹುಳಿ ಹುಳಿ ವಾಸನೆ. ಅದರ ಹಿಂದೆಯೇ ಕೂದಲು ಸುಟ್ಟ ವಾಸನೆ.

ಕೆಳಗಿಳಿಸಲು ಹೋದ. ಆಗಲಿಲ್ಲ. ಕೆನ್ನೆ ಮರಕ್ಕೆ ಅಂಟಿಕೊಂಡಿತ್ತು. ನಳಿಗೆ ತಾನಾಗಿ ತಿರುಗಿತು. ಕಿಟಕಿ ದಾಟಿತು, ಗೋಡೆ ದಾಟಿತು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತು.

ಬಾಗಿಲಲ್ಲಿ ಒಂದು ಹೆಣ್ಣು ಕಡವೆ ನಿಂತಿತ್ತು.

ಒದ್ದೆ ಮೂಗು. ಅಗಲವಾದ ಕಿವಿ. ಹಣೆಯ ಮೇಲೆ ಕುಂಕುಮ.

ಹಿಂದೆ ಅವರ ಮನೆಯದೇ ಫ್ರಿಜ್ಜು ಕಾಣುತ್ತಿತ್ತು. ಅವನಿಗೆ ಗೊತ್ತಾಯಿತು. ಚೆನ್ನಾಗಿ ಗೊತ್ತಾಯಿತು. ಓಡು ಎಂದು ಕೂಗಿದ. ಗಂಟಲಿನಿಂದ ಗಾಳಿಯೂ ಹೊರಡಲಿಲ್ಲ. ಗುಂಡಿಲ್ಲ, ಗುಂಡಿಲ್ಲ, ಖಾಲಿ ಬಂದೂಕು. ಬೆರಳು ಬಾಗುತ್ತಿತ್ತು. ಬೆರಳು ಅವನದಾಗಿರಲಿಲ್ಲ. ಕಡವೆ ಒಂದು ಹೆಜ್ಜೆ ಮುಂದಿಟ್ಟಿತು. ಕತ್ತು ಓರೆ ಮಾಡಿತು. ಅಯ್ಯೋ, ಅವಳು ಹಾಗೇ ಕತ್ತು ಓರೆ ಮಾಡುವುದು.

"ಏನ್ರೀ, ಮುಖ ಯಾಕೆ ಹಂಗಾಗಿದೆ?"

ಟಿಕ್.

ಅಷ್ಟೇ ಸದ್ದು. ಕಡವೆ ಮುಂಗಾಲು ಮಡಿಸಿ ಕುಸಿಯಿತು. ಆಗ ಕೆನ್ನೆ ಬಿಟ್ಟುಕೊಂಡಿತು. ಹೊಸ್ತಿಲ ಮೇಲೆ ಮಂಜುಶ್ರೀ ಬಿದ್ದಿದ್ದಳು, ಪಕ್ಕದಲ್ಲಿ ಹುಗ್ಗಿಯ ಪಾತ್ರೆ ಮಗುಚಿತ್ತು. ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು.

ಸಂಸ್ಕಾರ ಮುಗಿದ ಮೇಲೆ ಅವನು ಬಂದೂಕನ್ನು ಠಾಣೆಗೆ ಒಪ್ಪಿಸಿ ಸೀದಾ ಇಲವಾಲಕ್ಕೆ ಹೋದ. ಪುಟ್ಟತಾಯಮ್ಮ ಅಂಗಳದಲ್ಲಿ ಕೂತಿದ್ದಳು. ಅವನು ಅವಳ ಕಾಲ ಹತ್ತಿರ ಕುಸಿದು ಎಲ್ಲವನ್ನೂ ಹೇಳಿ, ಬಂದೂಕು ಕೊಟ್ಟುಬಿಟ್ಟೆ ಅಜ್ಜಿ, ಇನ್ನು ಮುಗಿಯಿತಲ್ಲವಾ ಎಂದು ಗೋಗರೆದ.

"ಬಂದೂಕಲ್ಲಿ ಈಗೇನೈತೆ ಸ್ವಾಮಿ? ಬರೀ ಮರ. ಅದು ನಿಮ್ ಕಣ್ಗೆ ಬಂದ್ಬುಟ್ಟದೆ." ಮುದುಕಿಗೆ ಅಳು ಬಂದಿತ್ತು. "ಊರೋರ್ಗೇನೂ ಆಗಾಕಿಲ್ಲ. ಅದು ಕೇಳೋದು ಮನೆಯೋರ್ನೇ. ಮನೇಲಿ ಇನ್ಯಾರವ್ರೆ?"

"ಮಗಳು. ಮಂಗಳೂರಲ್ಲಿ ಓದ್ತಿದ್ದಾಳೆ. ಅವಳ ಬಸ್ಸು ಘಾಟಿಯಲ್ಲಿ ಸಿಕ್ಕಿಕೊಂಡು ಅಮ್ಮನ ಮುಖಾನೂ ನೋಡ್ಲಿಲ್ಲ. ಈಗ ಬರ್ತಾಳೆ."

"ಅವಳ್ನ ನೋಡ್ಬ್ಯಾಡಿ."

"ಎಲ್ಲೀವರ್ಗೆ?"

ಪುಟ್ಟತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಮನೆಗೆ ಬಂದು ಹಜಾರದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತ. ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡ. ದುಃಖ ತಾಳಲಾರದೆ ಹೀಗಾಗಿದ್ದಾನೆ ಎಂದುಕೊಂಡರು ನೆಂಟರು. ಹೊರಗೆ ಆಟೋ ನಿಂತಿತು. ಗೇಟು ಕಿರುಗುಟ್ಟಿತು. ಹೆಜ್ಜೆಗಳು ಓಡಿಬಂದವು.

"ಅಪ್ಪಾ!"

"ಬರ್ಬೇಡ ಲಾಸ್ಯ, ಹೋಗು. ವಾಪಸ್ ಹೋಗು ಮಗಳೇ."

ಅವಳು ಹೋಗಲಿಲ್ಲ. ಅಮ್ಮನನ್ನು ಕಳೆದುಕೊಂಡ ಹುಡುಗಿ ಹೇಗೆ ತಾನೇ ಹೋದಾಳು? ಅವನಿಗೂ ಗೋಡೆಗೂ ನಡುವೆ ನುಸುಳಿ ಮಂಡಿಯೂರಿದಳು. ಬಿಸಿಯುಸಿರು ಅವನ ಕೈಗೆ ತಾಗಿತು. ಅವನು ರೆಪ್ಪೆಗಳನ್ನು ಬಿಗಿದ. ಒಳಗಿನಿಂದ ಯಾರೋ ಅವುಗಳನ್ನು ಮೇಲಕ್ಕೆ ಎಳೆಯುತ್ತಿದ್ದರು.

"ಒಂದ್ಸಲ ನನ್ನ ನೋಡಪ್ಪ. ನಂಗೆ ನೀನೊಬ್ಬನೇ ಇರೋದು."

ಅಳುತ್ತಲೇ ಅವಳು ಅವನ ಕೈಗಳನ್ನು ಹಿಡಿದು, ಮೆಲ್ಲಗೆ, ಕಣ್ಣಿನಿಂದ ಬಿಡಿಸಿದಳು.