ಶುಕ್ರವಾರದ ಒಂದು ತುಂಡು ಹ್ಯಾಮ್

ಹಂದಿಮಾಂಸದ ಹ್ಯಾಮ್ ಹೆಚ್ಚಿಕೊಡುವ ಕೌಂಟರಿನ ಮುಂದೆ ನಿಂತವರಿಗೆ ತಾಳ್ಮೆ ಇರಬೇಕು ಎಂದು ಯಾರಾದರೂ ಬುದ್ಧಿ ಹೇಳಲು ಬಂದಿದ್ದರೆ ಅರ್ಲೀನ್ ಸೆಡ್ಲಾಕ್ ಅವರನ್ನು ಅಲ್ಲೇ ನಿಲ್ಲಿಸಿ ಚೆನ್ನಾಗಿ ನಾಲ್ಕು ಮಾತು ಅಂದು ಕಳಿಸುತ್ತಿದ್ದಳು. ಅವಳದು ಸ್ಕೂಲ್ ಬಸ್ಸು ಓಡಿಸುವ ಕೆಲಸ. ಪಿಟ್ಸ್‌ಬರ್ಗಿನ ಏರು ರಸ್ತೆಗಳಲ್ಲಿ ಮಕ್ಕಳನ್ನೆಲ್ಲ ಇಳಿಸಿ, ಅವರ ಗಲಾಟೆ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಅವಳು ಅಂಗಡಿಗೆ ಬರುತ್ತಿದ್ದಳು. ಆ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿರುತ್ತಿತ್ತು, ಸೊಂಟ ಹಿಡಿದುಕೊಂಡಿರುತ್ತಿತ್ತು.

ಟೋಕನ್ ಹರಿದುಕೊಂಡು ನಿಂತರೆ ಮುಂದೆ ಮಿಸೆಸ್ ಪಾವ್ಲಿಕ್. ಆ ಅಜ್ಜಿ ಇರುವ ಚೀಸುಗಳೆಲ್ಲದರ ರುಚಿ ನೋಡಿ, ಮೊಮ್ಮಗಳ ಗಂಡ ಎಂಥ ಸೋಮಾರಿ ಎಂಬುದನ್ನು ವಿವರಿಸಿ, ಕೊನೆಗೆ ಯಾವಾಗಲೂ ಕೊಳ್ಳುವ ಚೀಸನ್ನೇ ಅಂಗೈಯಗಲ ಕೊಳ್ಳುವವಳು. ಅವಳಾದ ಮೇಲೆ, ಹೆಂಡತಿಯನ್ನು ಫೋನಿನಲ್ಲಿ ಕೇಳಿ ಕೇಳಿ ಆರ್ಡರ್ ಕೊಡುವ ಒಬ್ಬ ಗಂಡ. ಅವನು ಮುಗಿಸುವಷ್ಟರಲ್ಲಿ, ಟೋಕನ್ ಕಳೆದುಕೊಂಡು ತನ್ನದೇ ಸರದಿ ಎಂದು ಸಾಧಿಸುವ ಇನ್ನೊಬ್ಬ. ಅರ್ಲೀನಳ ನಂಬರ್ ಬರುವಷ್ಟರಲ್ಲಿ ಕೌಂಟರಿನವರು ಏನೋ ತರಲು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದರು.

ಇಷ್ಟು ಸಾಲದು ಎಂಬಂತೆ ಕೌಂಟರಿಗೆ ಹೊಸಬನೊಬ್ಬ ಬಂದ. ಹೆಸರು ರೀಜಿಸ್ ಟಿಮ್ಕೊ. ಅರ್ಲೀನಳದೇ ವಯಸ್ಸು, ಐವತ್ತರ ಆಸುಪಾಸು. ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಸೇರಿದ್ದ. ಮದುವೆ ಆಗಿರಲಿಲ್ಲ. ಎತ್ತರದ ಆಳು, ದೊಡ್ಡ ಕೈಗಳು, ತಲೆಗೆ ಹಿಡಿಸದ ಬಿಳಿ ಟೋಪಿ.

ಆ ಊರಿನಲ್ಲಿ ಹ್ಯಾಮ್ ತೆಳ್ಳಗೆ ಎಂದರೆ ಸುಮ್ಮನೆ ತೆಳ್ಳಗೆ ಅಲ್ಲ. ಯಂತ್ರದಿಂದ ಬೀಳುವಾಗಲೇ ಮುದುಡಿ, ಕಾಗದದ ಮೇಲೆ ಗುಪ್ಪೆಯಾಗಬೇಕು. ರೀಜಿಸ್ ಅದನ್ನು ಮನೆಯಲ್ಲಿ ತಿಂದು ಬೆಳೆದವನೇ ಹೊರತು ಹೆಚ್ಚಿದವನಲ್ಲ. ಮೊದಲ ದಿನ ಅವನು ಕೊಟ್ಟ ತುಂಡನ್ನು ಅರ್ಲೀನ್ ಎರಡು ಬೆರಳಲ್ಲಿ ಹಿಡಿದೆತ್ತಿದಳು.

"ಇದೇನ್ರೀ, ಹ್ಯಾಮಾ, ಚಪ್ಪಲಿ ಅಟ್ಟೆನಾ?"

ಅವನು ತುಂಡಿನ ಕಡೆ ಗಂಭೀರವಾಗಿ ನೋಡಿದ. "ನೀವು ಹೇಳಿದ್ಮೇಲೆ ನನಗೂ ಅನುಮಾನ ಬರ್ತಿದೆ," ಎಂದ.

ಹಿಂದೆ ನಿಂತವರು ನಕ್ಕರು. ಅರ್ಲೀನ್ ನಗಲಿಲ್ಲ, ಅವಳಿಗೆ ಹಸಿವಾಗಿತ್ತು. ಹೋಗುವಾಗ ಬಾಗಿಲ ಹತ್ತಿರ ಮ್ಯಾನೇಜರನ್ನು ಹಿಡಿದು, ಕೆಲಸ ಬರದವರನ್ನು ಕೌಂಟರಿಗೆ ಹಾಕಿ ಜನರ ಪ್ರಾಣ ಯಾಕೆ ತಿನ್ನುತ್ತೀರಿ ಎಂದು ದಬಾಯಿಸಿಯೇ ಹೋದಳು. ಮಕ್ಕಳು ತುಂಬಿದ ಬಸ್ಸಿನಲ್ಲಿ ಕೂಗಿ ಅಭ್ಯಾಸವಾದ ದನಿ ಅದು.

ಮುಂದಿನ ವಾರ ಅವಳ ನಂಬರ್ ಬಂದಾಗ ರೀಜಿಸನೇ ಇದ್ದ. ಹೆಚ್ಚಿದ ಹ್ಯಾಮಿನ ಮೊದಲ ಹಾಳೆಯನ್ನು ಗಿರಾಕಿಗೆ ಕೊಡಬೇಕು, ಅವರು ತಿಂದು ನೋಡಿ ತಲೆಯಾಡಿಸಬೇಕು, ಆಮೇಲೆಯೇ ಉಳಿದದ್ದನ್ನು ಹೆಚ್ಚಬೇಕು. ಇದು ಆ ಕೌಂಟರಿನ ಹಳೇ ಪದ್ಧತಿ. ರೀಜಿಸ್ ಒಂದು ಚೂರು ಕಾಗದದ ಮೇಲೆ ಹಾಳೆಯನ್ನಿಟ್ಟು ಗಾಜಿನ ಮೇಲಿನಿಂದ ಚಾಚಿದ. ಈ ಸಲ ಅದು ಎಷ್ಟು ತೆಳ್ಳಗಿತ್ತೆಂದರೆ ಬಾಯಿಗಿಟ್ಟ ಕೂಡಲೇ ಕರಗಿತು.

"ಹೇಗಿದೆ ಮಿಸೆಸ್ ಸೆಡ್ಲಾಕ್?"

ತುಂಬಾ ಚೆನ್ನಾಗಿತ್ತು. ಆದರೆ ಹಾಗೆಂದರೆ ಸೋತಂತಾಗುತ್ತದಲ್ಲ. "ಇನ್ನೂ ಸ್ವಲ್ಪ ತೆಳ್ಳಗಿರಲಿ," ಎಂದಳು.

ಅವನು ಯಂತ್ರದ ತಿರುಪನ್ನು ಒಂದು ಕೂದಲೆಳೆ ತಿರುಗಿಸಿ, ಮತ್ತೊಂದು ಹಾಳೆ ತೆಗೆದು ಕೊಟ್ಟು, ಅವಳ ಮುಖವನ್ನೇ ನೋಡುತ್ತ ನಿಂತ. ಅವನದು ಬೂದು ಬಣ್ಣದ ಕಣ್ಣು. ನಗುವನ್ನು ತುಟಿಗೆ ಬಿಡದೆ ಅಲ್ಲಿಯೇ ಹಿಡಿದಿಟ್ಟುಕೊಂಡಿದ್ದ. ಅರ್ಲೀನ್ ಅಗಿಯುವುದು ಬೇಗ ಮುಗಿಯಿತು, ಅವಳು ನುಂಗುವುದನ್ನು ತಡಮಾಡಿದಳು.

ಗಂಡ ತೀರಿಹೋದ ಮೇಲೆ ಅವಳನ್ನು ಹೇಗಿದ್ದೀಯ ಎಂದು ಕೇಳುವವರು ಬೇಕಾದಷ್ಟು ಜನ ಇದ್ದರು. ಕೇಳಿ, ಉತ್ತರ ಬರುವವರೆಗೆ ಕಾಯುವವರು ಯಾರೂ ಇರಲಿಲ್ಲ. ಒಂದು ತುಂಡು ಹ್ಯಾಮಿನ ವಿಷಯಕ್ಕೇ ಆಗಲಿ, ಇವನು ಕಾಯುತ್ತಿದ್ದ. ಅಂದು ಮನೆಗೆ ಹೋಗುವಾಗ ಮೆಟ್ಟಿಲು ಹತ್ತಿದ್ದೇ ಅವಳಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಆಟ ಶುರುವಾಯಿತು. ಅವಳು ಇನ್ನೂ ತೆಳ್ಳಗೆ ಎನ್ನುವಳು, ಅವನು ಇದಕ್ಕಿಂತ ತೆಳ್ಳಗೆ ಮಾಡಿದರೆ ಬರೀ ವಾಸನೆಯನ್ನು ಕಟ್ಟಿಕೊಡಬೇಕಾಗುತ್ತದೆ ಎನ್ನುವನು. ಅವಳು ಕೂದಲಿಗೆ ಬಣ್ಣ ಹಾಕಿದ ದಿನ ಅವನು ಹ್ಯಾಮಿನ ಬದಲು ಟರ್ಕಿ ಕೋಳಿಯನ್ನು ಅರ್ಧ ಹೆಚ್ಚಿಬಿಟ್ಟ. ಅವಳು ಅದನ್ನೇ ಕೊಂಡುಕೊಂಡು ಹೋದಳು.

ಪಕ್ಕದ ಯಂತ್ರದಲ್ಲಿದ್ದ ಡೋರೀನ್ ಚುರುಕು ಕೈಯ ಹೆಂಗಸು. ಅವಳೇನಾದರೂ ಅರ್ಲೀನಳ ನಂಬರ್ ಕೂಗಿದರೆ ಅರ್ಲೀನ್ ಹಿಂದಿನವರ ಕಡೆ ತಿರುಗಿ, ನೀವು ತಗೊಳ್ಳಿ, ನನಗೇನೂ ಅವಸರ ಇಲ್ಲ ಎನ್ನುತ್ತಿದ್ದಳು. ಅರ್ಲೀನ್ ಸೆಡ್ಲಾಕಳಿಗೆ ಅವಸರವಿಲ್ಲ ಎಂಬ ಸುದ್ದಿ ಚರ್ಚಿನವರೆಗೂ ತಲುಪಿತು. ಅವಳ ಹಿಂದೆ ಸರದಿಯಲ್ಲಿ ನಿಂತವರು ಮಾತ್ರ ಹಲ್ಲು ಕಡಿಯುತ್ತಿದ್ದರು.

ಕ್ರೈಸ್ತರ ಉಪವಾಸದ ದಿನಗಳಾದ ತಪಸ್ಸು ಕಾಲ ಬಂತು. ಈಸ್ಟರ್‌ವರೆಗೂ ಶುಕ್ರವಾರ ಯಾರೂ ಮಾಂಸ ತಿನ್ನುವಂತಿಲ್ಲ, ಮೀನು ಮಾತ್ರ ಆಗಬಹುದು. ಶನಿವಾರಕ್ಕೆಂದು ಕೊಳ್ಳಬಹುದು, ಆದರೆ ಆ ದಿನ ಕೌಂಟರಿನಲ್ಲಿ ಮೊದಲ ಹಾಳೆಯನ್ನು ತೋರಿಸುತ್ತಾರೆ ಅಷ್ಟೆ, ತಿನ್ನಲು ಕೊಡುವುದಿಲ್ಲ. ಕೊಡುವವರೂ ಕೊಳ್ಳುವವರೂ ಒಂದೇ ಮತದವರು, ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥದೊಂದು ಶುಕ್ರವಾರ ಅರ್ಲೀನ್ ಟೋಕನ್ ಹರಿಯುವಾಗ ಡೋರೀನ್ ಚೀಸ್ ಜೋಡಿಸುವ ನೆಪದಲ್ಲಿ ಹತ್ತಿರ ಬಂದಳು.

"ಇವತ್ತೇ ಕೊನೆ, ಗೊತ್ತಾಯ್ತಾ? ಸೋಮವಾರದಿಂದ ರೀಜಿಸನನ್ನ ನದಿ ಆಚೆ ಗೋಡೌನಿಗೆ ಹಾಕ್ತಿದಾರೆ. ನಿಧಾನ ಅಂತ ದೂರು ಜಾಸ್ತಿ ಆಯ್ತಂತೆ."

ಮೊದಲ ದೂರು ಯಾರದೆಂದು ಅರ್ಲೀನಳಿಗೆ ಗೊತ್ತಿತ್ತು. ಗೋಡೌನಿನಲ್ಲಿ ಕೌಂಟರ್ ಇಲ್ಲ, ಗಿರಾಕಿಗಳಿಲ್ಲ. ಅಲ್ಲಿಗೆ ಹೋಗಿ ಹ್ಯಾಮ್ ತೆಳ್ಳಗಿರಲಿ ಎನ್ನಲು ಯಾವ ನೆಪವೂ ಇಲ್ಲ. ಇವತ್ತು ಬಾಯಿ ಬಿಡದಿದ್ದರೆ ಅವನು ಕೈತಪ್ಪಿದ ಹಾಗೆಯೇ. ತಾನು ಈ ಮನುಷ್ಯನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ನಿಂತಿದ್ದ ಅವಳಿಗೆ ಆಗ ಪೂರ್ತಿಯಾಗಿ ತಿಳಿಯಿತು.

ನಂಬರ್ ಬಂತು. ಅವಳು ಮುಂದೆ ಹೋಗಿ ನಿಂತಳು. ಹೇಳಬೇಕೆಂದುಕೊಂಡದ್ದರ ಬದಲು ಹ್ಯಾಮ್ ಎಂದಷ್ಟೇ ಹೇಳಿದಳು. ಅವನು ತಲೆ ತಗ್ಗಿಸಿ ಯಂತ್ರ ಓಡಿಸಿದ. ಎಂದಿನಂತೆ ಕಾಗದದ ಮೇಲೆ ಹಾಳೆಯನ್ನಿಟ್ಟು ಗಾಜಿನ ಮೇಲಿನಿಂದ ಚಾಚಿದ. ಅವಳು ಅವನ ಮುಖವನ್ನೇ ನೋಡುತ್ತ ಅದನ್ನು ತೆಗೆದು ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದಳು.

ಕೌಂಟರಿನ ಸುತ್ತ ಇದ್ದವರೆಲ್ಲ ಅವಳ ಕಡೆ ತಿರುಗಿದರು.

"ಅಯ್ಯೋ ನನ್ನ ತಾಯಿ," ಎಂದಳು ಹಿಂದಿನಿಂದ ಮಿಸೆಸ್ ಪಾವ್ಲಿಕ್, "ಇವತ್ತು ಶುಕ್ರವಾರ ಅಲ್ವೇನ್ರೀ."

ರೀಜಿಸನ ಮುಖ ಹ್ಯಾಮಿನ ಬಣ್ಣಕ್ಕೆ ತಿರುಗಿತು. ಅರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಐವತ್ತು ದಾಟಿದ ಇಬ್ಬರು, ಬುದ್ಧಿ ಬಂದಾಗಿನಿಂದ ಒಂದು ಶುಕ್ರವಾರವೂ ತಪ್ಪದವರು, ಊರಿನವರ ಕಣ್ಣೆದುರೇ ತಪ್ಪಿದ್ದರು.

"ತಪ್ಪು ನಂದು," ಎಂದ ರೀಜಿಸ್. "ಕೊಟ್ಟೋನು ನಾನು."

"ತಿಂದೋಳು ನಾನಲ್ವಾ," ಎಂದಳು ಅರ್ಲೀನ್.

ಜನ ನಗಲು ಶುರುಮಾಡಿದರು. ಇಬ್ಬರಿಗೂ ಮೈಮೇಲೆ ಎಚ್ಚರವಿಲ್ಲದಿರುವುದಕ್ಕೆ ಕಾರಣ ಏನೆಂದು ಡೋರೀನಳಿಗೂ ಗೊತ್ತು, ಎಲ್ಲರಿಗೂ ಗೊತ್ತು. ಮಿಸೆಸ್ ಪಾವ್ಲಿಕ್ ಮುಂದೆ ಬಂದು ಗಾಜಿನ ಮೇಲೆ ಬೆರಳಿಂದ ಟಕಟಕ ಬಡಿದಳು. "ಮರೆತು ತಿಂದದ್ದು ಪಾಪ ಅಲ್ಲ ಬಿಡಿ. ಸಂಜೆ ಇಬ್ಬರೂ ಚರ್ಚಿನ ಹಾಲ್‌ಗೆ ಮೀನೂಟಕ್ಕೆ ಬನ್ನಿ. ದೇವರಿಗೂ ಸಮಾಧಾನ, ನಮ್ಮ ಸರದಿನೂ ಮುಂದೆ ಹೋಗುತ್ತೆ."

ಸಂಜೆ ಚರ್ಚಿನ ಸಭಾಂಗಣದಲ್ಲಿ ಕರಿದ ಮೀನಿನ ವಾಸನೆ ತುಂಬಿತ್ತು. ಶುಕ್ರವಾರದ ಮೀನೂಟಕ್ಕೆ ಯಾವಾಗಲೂ ಇರುವ ಉದ್ದದ ಸಾಲು ಗೋಡೆಯನ್ನು ಸುತ್ತಿಕೊಂಡು ಬಾಗಿಲವರೆಗೂ ಬಂದಿತ್ತು. ಅರ್ಲೀನ್ ಅದರ ತುದಿಯಲ್ಲಿ ನಿಂತಿದ್ದಾಗ ರೀಜಿಸ್ ಒಳಗೆ ಬಂದ. ಬಿಳಿ ಟೋಪಿ ಇರಲಿಲ್ಲ. ಕೂದಲನ್ನು ನೀರು ಹಚ್ಚಿ ಬಾಚಿಕೊಂಡಿದ್ದ. ನಡುವೆ ಗಾಜಿಲ್ಲದೆ ಅವನನ್ನು ನೋಡುತ್ತಿದ್ದದ್ದು ಅದೇ ಮೊದಲು, ಅವಳಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವನು ಬಂದು ಪಕ್ಕದಲ್ಲಿ ನಿಂತ ಕೂಡಲೇ ಅವಳು ಹೇಳಿಬಿಟ್ಟಳು. "ನಿಮ್ಮ ಮೇಲೆ ಮೊದಲು ದೂರು ಕೊಟ್ಟಿದ್ದು ನಾನೇ."

"ಗೊತ್ತು. ನೀವು ಬಾಗಿಲ ಹತ್ರ ಹೇಳಿದ್ದು ಹಿಂದಿನ ಕೋಣೇಲಿದ್ದ ನನಗೂ ಕೇಳಿಸ್ತು."

"ನನ್ನಿಂದಲೇ ನಿಮ್ಮ ಕೆಲಸಕ್ಕೆ ಕುತ್ತು ಬಂತು."

ಅವನು ಅಲ್ಲವೆಂದು ತಲೆಯಾಡಿಸಿದ. ಆ ದೂರನ್ನು ಮ್ಯಾನೇಜರ್ ಅಂದೇ ಮರೆತಿದ್ದನಂತೆ. ಆಮೇಲೆ ಬಂದವುಗಳೇ ಬೇರೆ. ಅವನ ಕೈ ಚುರುಕಾಗಿದೆ ಎಂದು ಎಲ್ಲರೂ ಒಪ್ಪುತ್ತಿದ್ದರಂತೆ, ಒಬ್ಬ ಗಿರಾಕಿಯ ವಿಷಯ ಬಿಟ್ಟು. ಹೇಳುತ್ತ ಹೇಳುತ್ತ ಅವನ ಕಿವಿ ಕೆಂಪಾಯಿತು.

"ನಿಮಗೆ ಹೆಚ್ಚೋವಾಗ ಮಾತ್ರ ನಾನು ನಿಧಾನ ಮಾಡ್ತೀನಂತೆ. ನಿಮ್ಮ ಹಿಂದೆ ನಿಂತೋರೆಲ್ಲ ಹೇಳಿದಾರೆ."

"ಸುಳ್ಳಲ್ವಾ ಅದು?"

"ನಿಜಾನೇ. ಬೇಗ ಹೆಚ್ಚಿದ್ರೆ ನೀವು ಬೇಗ ಹೊರಟುಹೋಗ್ತಿದ್ರಿ."

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. ಇಬ್ಬರೂ ಹೋಗಲಿಲ್ಲ. ಹಿಂದಿನವರು ಕೆಮ್ಮಿದ ಮೇಲೆ ಜರುಗಿದರು. ಕೆಲಸದ ಜಾಗವನ್ನೇ ಕಳೆದುಕೊಳ್ಳುವಷ್ಟು ತಡಮಾಡಿದ್ದಾನಲ್ಲ ಈ ಮನುಷ್ಯ ಎಂದು ಅರ್ಲೀನಳಿಗೆ ಅಳು ಬಂದಂತಾಯಿತು, ಜೊತೆಗೆ ನಗುವೂ ಬಂತು.

"ನನ್ನ ಫ್ರೀಜರ್ ತುಂಬಾ ಹ್ಯಾಮ್ ಇದೆ," ಎಂದಳು. "ತಿಂದು ತಿಂದು ಸಾಕಾಗಿದೆ. ಪಕ್ಕದ ಮನೆ ನಾಯಿ ಕೂಡ ನನ್ನ ಕಂಡ್ರೆ ಮೂತಿ ತಿರುಗಿಸುತ್ತೆ."

"ಮತ್ತೆ ಯಾಕೆ ಕೊಳ್ತಿದ್ರಿ?"

ಬಸ್ಸಿನ ತುಂಬ ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವವಳು ಈಗ ಪಿಸುಗುಟ್ಟಿದಳು.

"ನಿಮ್ಮನ್ನ ನೋಡೋಕೆ."

ಅವನು ಕಣ್ಣಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದ ನಗು ಮುಖದ ತುಂಬ ಹರಡಿತು. ಗೋಡೌನಿನಲ್ಲಿ ಕೆಲಸ ನಸುಕಿಗೇ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಭಾನುವಾರ ರಜೆ ಎಂದು ತಿಳಿಸಿದ. ಯಾಕೆ ತಿಳಿಸುತ್ತಿದ್ದಾನೆ ಎಂಬುದು ಅವಳಿಗೆ ಅರ್ಥವಾಯಿತು.

"ಭಾನುವಾರ ಊಟಕ್ಕೆ ಬನ್ನಿ ನಮ್ಮನೆಗೆ," ಎಂದಳು.

"ಯಾರ್ಯಾರು ಇರ್ತಾರೆ?"

"ನಾನಿರ್ತೀನಿ."

"ಮತ್ತೆ?"

"ನೀವಿರ್ತೀರಿ."

ಅಷ್ಟರಲ್ಲಿ ತಟ್ಟೆಗಳ ಮೇಜು ಬಂದಿತ್ತು. ಅವನು ಇಬ್ಬರಿಗೂ ತಟ್ಟೆ ತೆಗೆದುಕೊಳ್ಳಲು ಕೈ ಚಾಚಿದ. ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಬಡಾವಣೆಯ ಅರ್ಧ ಜನ ಆ ಸಭಾಂಗಣದಲ್ಲಿದ್ದರು, ಮಿಸೆಸ್ ಪಾವ್ಲಿಕ್ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದಳು. ಅರ್ಲೀನ್ ಕೈ ತೆಗೆಯಲಿಲ್ಲ.