ಸಾದಾ ನೀರು ನೀಲಿಯಾದ ಬುಧವಾರ

"ಆ ಪೀರಿಯಡ್ ನಂದು!"

ಸ್ಟಾಫ್ ರೂಮಿನ ವೇಳಾಪಟ್ಟಿಯ ಮುಂದೆ ಇಬ್ಬರೂ ಒಟ್ಟಿಗೇ ಕೂಗಿದರು. ಒಬ್ಬಳು ಹೊಸದಾಗಿ ಬಂದ ವಿಜ್ಞಾನದ ಮೇಡಂ, ಇನ್ನೊಬ್ಬ ಗಣಿತದ ಮೇಷ್ಟ್ರು. ಬುಧವಾರದ ಕೊನೆಯ ಪೀರಿಯಡ್ ಮೇಲೆ ಇಬ್ಬರ ಬೆರಳೂ ಊರಿತ್ತು.

'ಜಗಳಗಂಟ! ಕಣ್ಣು ಮಾತ್ರ ಇಷ್ಟು ಚೆಂದ ಯಾಕಿರಬೇಕು?' ಹಾಗಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹೆಡ್ ಮೇಡಂ ತೀರ್ಪು ಕೊಟ್ಟರು. "ಮುಂದಿನ ಬುಧವಾರ ನಾನೇ ಬಂದು ನಿಮ್ಮ ಪ್ರಯೋಗ ನೋಡ್ತೀನಿ. ಮಕ್ಕಳ ತಲೆಗೆ ಹತ್ತಿದ್ರೆ ಪೀರಿಯಡ್ ನಿಮ್ದು. ಇಲ್ಲಾಂದ್ರೆ ಗಣಿತಕ್ಕೆ."

ಅವಳಿಗೆ ಚಿಂತೆ ಹತ್ತಿತು. ಆ ಒಂದು ಗಂಟೆ ಹೋದರೆ ಮಕ್ಕಳು ಕೈಯಿಂದ ಮುಟ್ಟಿ ಕಲಿಯುವುದೆಲ್ಲ ಮುಗಿದಂತೆ. ಆಮೇಲೆ ಬರೀ ಕಪ್ಪು ಹಲಗೆ!

ಆ ಬುಧವಾರ ಬಂದೇ ಬಂತು. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ, ಮೇಷ್ಟ್ರು ಬಾಗಿಲಲ್ಲಿ. ಮೇಜಿನ ಮೇಲೆ ಮೂರು ಗಾಜಿನ ಲೋಟ: ನಿಂಬೆರಸ, ಸೋಡಾಪುಡಿ ಕರಗಿಸಿದ ನೀರು, ಸಾದಾ ನೀರು. ಪಕ್ಕದಲ್ಲಿ ಕೆಂಪು ಎಲೆಕೋಸು ಕುದಿಸಿ ಸೋಸಿದ ನೇರಳೆ ರಸ.

ನಿಂಬೆಗೆ ಸುರಿದಳು. ಕೆಂಪು! "ಓ..." ಎಂದರು ಮಕ್ಕಳು. ಸೋಡಾಕ್ಕೆ ಸುರಿದಳು. ನೀಲಿ ಹಸಿರು! ಚಪ್ಪಾಳೆ.

"ಸಾದಾ ನೀರು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ. ಹಾಗಾಗಿ ರಸದ ಬಣ್ಣ ಬದಲಾಗಲ್ಲ, ನೋಡಿ..."

ಬದಲಾಯಿತು! ರಸ ಸುರಿದ ಕೂಡಲೇ ಸಾದಾ ನೀರು ನೀಲಿಗೆ ತಿರುಗಿತು. ತರಗತಿ ಗೊಳ್ಳೆಂದು ನಕ್ಕಿತು.

ಅವಳ ಕಣ್ಣು ತುಂಬಿಬಂತು. ಲೋಟ ಎತ್ತಿಕೊಂಡಳು. ಅಂಚು ಜಾರುತ್ತಿತ್ತು... ಸೋಪು! ತಾನು ನೀರಿನಲ್ಲಷ್ಟೇ ತೊಳೆದಿಟ್ಟ ಲೋಟಕ್ಕೆ ಸೋಪು ಎಲ್ಲಿಂದ ಬಂತು? ಬಾಗಿಲ ಕಡೆ ನೋಡಿದಳು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. 'ಪೀರಿಯಡ್‌ಗೋಸ್ಕರ ಇಷ್ಟು ಕೆಳಗಿಳಿದ್ರಾ!'

ಕಣ್ಣೊರೆಸಿಕೊಂಡು ಮಕ್ಕಳ ಕಡೆ ತಿರುಗಿದಳು. "ಈ ನೀರಲ್ಲಿ ಯಾರೋ ಅಡಗಿದಾರೆ ಮಕ್ಕಳೇ. ಲೋಟ ಮುಟ್ಟಿ ಪತ್ತೆ ಮಾಡಿ!"

ಮಕ್ಕಳು ಮುಗಿಬಿದ್ದರು. "ಸೋಪು ಮೇಡಂ!" "ಹಾಗಾದ್ರೆ ಸೋಪು ಪ್ರತ್ಯಾಮ್ಲ!" ಮುಂದಿನ ಬೆಂಚಿನ ಹುಡುಗಿ ತಾನಾಗಿಯೇ ನಿಂಬೆರಸ ಹನಿಹನಿಯಾಗಿ ಹಾಕಿದಳು. ನೀಲಿ ಕರಗಿ ನೇರಳೆ ಮರಳಿತು. ಹೆಡ್ ಮೇಡಂ ಎದ್ದುನಿಂತರು. "ಪೀರಿಯಡ್ ನಿಮ್ದೇ ಮೇಡಂ!"

ಶಾಲೆ ಬಿಟ್ಟ ಮೇಲೆ ಅವಳು ಮೇಷ್ಟ್ರನ್ನು ಮೆಟ್ಟಿಲ ಬಳಿಯೇ ತಡೆದಳು.

"ಬೇಕಂತಲೇ ಮಾಡಿದ್ರಲ್ವಾ?"

"ಅಯ್ಯೋ, ಇಲ್ಲ ರೀ! ಕ್ಲಾಸಿಗೆ ಮುಂಚೆ ನೋಡಿದ್ರೆ ಆ ಒಂದು ಲೋಟದ ಮೇಲೆ ಕಲೆ ಇತ್ತು. ಎಲ್ಲರ ಮುಂದೆ ಪಳಪಳ ಹೊಳೀಲಿ ಅಂತ ಎರಡು ಸಲ ಸೋಪು ಹಚ್ಚಿದೆ..."

"ನೀರಲ್ಲಿ ಜಾಲಿಸಿದ್ದು?"

"ಒಂದೇ ಸಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಲೆಕ್ಕದ ಮೇಷ್ಟ್ರು ಲೆಕ್ಕ ತಪ್ಪಿದ್ದು ಅಲ್ಲಿ!

"ಆದ್ರೆ ಆ ಪೀರಿಯಡ್ ನಿಮಗೂ ಬೇಕಿತ್ತಲ್ಲಾ?"

"ಹೋದ ವಾರವೇ ಬೇಡ ಅಂದಿದ್ದೆ. ಆದ್ರೂ ಪ್ರಯೋಗ ನೋಡ್ಲೇಬೇಕು ಅಂದ್ರು ಹೆಡ್ ಮೇಡಂ."

"ಯಾಕೆ ಬೇಡ ಅಂದ್ರಿ?"

ಅವನು ಕೈಯಲ್ಲಿದ್ದ ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟ. "ನೀವು ಮಕ್ಕಳ ಜೊತೆ ಕುಣಿದಾಡ್ತಾ ಪಾಠ ಮಾಡೋದನ್ನ ಕಿಟಕಿಯಿಂದ ನೋಡಿದೆ. ಅದನ್ನ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ... ಇಷ್ಟೇ ವಿಷಯ."

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ನಮ್ಮಮ್ಮ ಸುಲಭಕ್ಕೆ ಒಪ್ಪೋರಲ್ಲ," ಎಂದಳು ಮೆಲ್ಲಗೆ.

"ಮತ್ತೆ ನೀವು?"

"ನಾನು ಒಪ್ಪಿದ್ದಕ್ಕೇ ಅಲ್ವಾ ಅಮ್ಮನ ಮಾತು ತೆಗೆದಿದ್ದು?"