ಅತ್ತಿಗೆಯ ಗುಲಾಬಿ ಚಿಪ್ಪು

ಊರ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ತನ್ನ ಎಂಟು ಚಳಿಗಾಲಗಳ ದುಡಿಮೆ ತೂಗುತ್ತಿರುವುದನ್ನು ಮೋಕಿಹಾನಾ ಆಗಾಗ ಹೋಗಿ ನೋಡಿ ಬರುತ್ತಿದ್ದಳು. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು. ಉರಿಯಲಿ ಎಂದೇ ಹೋಗುತ್ತಿದ್ದಳು. ಹಾರದ ಕೆಳಗಿನ ಹಿತ್ತಾಳೆಯ ತಗಡಿನಲ್ಲಿ ಇವಾಲಾನಿ ಎಂಬ ಹೆಸರು ಕೊರೆದಿತ್ತು. ಇವಾಲಾನಿ ಅವಳ ಅಣ್ಣನ ಹೆಂಡತಿ.

ಆ ಹಾರದ ಒಂದೊಂದು ಚಿಪ್ಪನ್ನೂ ಹೆಕ್ಕಿದವಳು ಮೋಕಿಹಾನಾ. ಕಾಹೆಲೆಲಾನಿ ಎಂದರೆ ಜೋಳದ ಕಾಳಿನಷ್ಟು ಚಿಪ್ಪು. ಚಳಿಗಾಲದ ಅಲೆಗಳು ಅದನ್ನು ಊರಿನೆದುರಿನ ನೀಹೌ ದ್ವೀಪದ ದಂಡೆಗೆ ತಂದು ಚೆಲ್ಲುತ್ತವೆ. ಮರಳಿನ ಮೇಲೆ ಬೋರಲಾಗಿ ಮಲಗಿ, ಮೂಗು ತಾಗುವಷ್ಟು ಹತ್ತಿರದಿಂದ ಹುಡುಕಬೇಕು. ಕಂದು ಸಿಗುತ್ತದೆ, ಹಸಿರು ಬೆರೆತ ಹಳದಿ ಸಿಗುತ್ತದೆ, ಅದೃಷ್ಟವಿದ್ದರೆ ಕಡುಗೆಂಪು. ಆಕಲಾ ಎಂದು ಕರೆಯುವ ದಟ್ಟ ಗುಲಾಬಿ ಮಾತ್ರ ದಿನವಿಡೀ ತೆವಳಿದರೂ ಒಂದೋ ಎರಡೋ, ಅದೂ ದೇವರು ಕಣ್ಣು ಬಿಟ್ಟರೆ. ಬಿಸಿಲಿಗೆ ಬಿದ್ದರೆ ಅದೂ ಬಿಳಚಿಕೊಳ್ಳುತ್ತದೆ. ಅಂಥ ಗುಲಾಬಿಯಿಂದ ಒಂದು ಡಬ್ಬಿ ತುಂಬುವ ಹೊತ್ತಿಗೆ ಅವಳ ಗಂಡನಿಗೆ ಕಾಯಿಲೆ ಬಂತು. ಹೊನೊಲುಲುವಿನ ಆಸ್ಪತ್ರೆಗೆ ಹೊರಡುವಾಗ ಡಬ್ಬಿಯನ್ನು ಅತ್ತಿಗೆಯ ಕೈಗಿಟ್ಟು, ಕತ್ತಲಲ್ಲಿ ಇಡು ಎಂದಷ್ಟೇ ಹೇಳಿದ್ದಳು.

ಗಂಡನನ್ನು ಕಳೆದುಕೊಂಡು ತನ್ನೂರು ಕೆಕಾಹಾಕ್ಕೆ ಮರಳಿದಾಗ ಡಬ್ಬಿ ಖಾಲಿಯಿತ್ತು. ಚಿಪ್ಪೆಲ್ಲ ಹಾರವಾಗಿ, ಬಹುಮಾನ ಗೆದ್ದು, ಗಾಜಿನೊಳಗೆ ಸೇರಿತ್ತು.

"ಮನೆ ಚಿಪ್ಪು ತಾನೆ ಮೋಕಿ," ಎಂದಿದ್ದಳು ಇವಾಲಾನಿ, ಮೀನು ಹುರಿಯುತ್ತ, ತಿರುಗಿಯೂ ನೋಡದೆ. "ನಂದು ನಿಂದು ಅನ್ನೋದು ನಮ್ಮಲ್ಲಿ ಯಾವಾಗಿಂದ ಶುರುವಾಯ್ತು? ಬರೀ ಹೆಕ್ಕಿಬಿಟ್ರೆ ಹಾರ ಆಗ್ಬಿಡತ್ತಾ? ಪೋಣಿಸೋ ಕೈ ಬೇಡ್ವಾ?"

ಮೋಕಿಹಾನಾ ತಟ್ಟೆ ತೊಳೆದಿಟ್ಟು ಮನೆಗೆ ಬಂದಳು. ಜಗಳವಾಡಬಹುದಿತ್ತು. ಆದರೆ ಜಗಳ ಆಡಿದವರ ಬಾಯಿ ನೋಯುತ್ತದೆ, ತಗಡಿನ ಮೇಲಿನ ಹೆಸರು ಅಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥದ್ದೇನಾದರೂ ಬೇಕು ಎಂದು ಅವಳು ಯೋಚಿಸಿದಳು. ಯೋಚಿಸಲು ವಿಧವೆಗೆ ಪುರುಸೊತ್ತು ಬೇಕಾದಷ್ಟಿತ್ತು.

ಕೊನೆಗೆ ಹೊಳೆದದ್ದು ಇದು. ಹಾರ ಪೋಣಿಸುವವಳನ್ನು ಕಳ್ಳಿ ಎಂದರೆ ಊರು ನಾಲ್ಕು ದಿನ ಮಾತಾಡಿ ಮರೆಯುತ್ತದೆ. ಚಿಪ್ಪಿಗೆ ಬಣ್ಣ ಹಚ್ಚಿದವಳು ಎಂದರೆ ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಅತ್ತಿಗೆ ಬಣ್ಣ ಹಚ್ಚಬೇಕಾಗಿರಲಿಲ್ಲ. ಬಣ್ಣದ ಚಿಪ್ಪು ಅವಳ ಹಾರದಲ್ಲಿದ್ದರೆ ಸಾಕಿತ್ತು.

ಬಿಸಿಲಿಗೆ ಬಿಳಚಿದ ಚಿಪ್ಪುಗಳನ್ನು ಯಾರೂ ಹೆಕ್ಕುವುದಿಲ್ಲ. ಮೋಕಿಹಾನಾ ಅವನ್ನೇ ಚೀಲ ತುಂಬ ತಂದಳು. ಮೊದಲ ಸಲ ಬಟ್ಟೆಯ ಬಣ್ಣಕ್ಕೆ ವಿನೆಗರ್ ಬೆರೆಸಿ ಕೆಟ್ಟಳು; ಹುಳಿ ತಾಗಿ ಚಿಪ್ಪಿನ ಹೊಳಪೇ ಹಾರಿಹೋಯಿತು. ಎರಡನೆಯ ಸಲ ಸ್ಪಿರಿಟ್ಟಿನಲ್ಲಿ ಕರಗುವ ಬಣ್ಣ ತಂದಳು. ಅದು ನೀರಿಗೂ ಬೆವರಿಗೂ ಜಗ್ಗುವುದಿಲ್ಲ, ನೇಲ್ ಪಾಲಿಶ್ ರಿಮೂವರ್ ತಾಗಿದರೆ ಮಾತ್ರ ಬಿಡುತ್ತದೆ. ಅವಳಿಗೆ ಬೇಕಾಗಿದ್ದುದೂ ಅದೇ. ಎಲ್ಲವನ್ನೂ ಒಟ್ಟಿಗೆ ಅದ್ದುವ ದಡ್ಡತನವನ್ನು ಅವಳು ಮಾಡಲಿಲ್ಲ. ಸಮುದ್ರ ಎರಡು ಚಿಪ್ಪಿಗೆ ಒಂದೇ ಬಣ್ಣ ಕೊಡುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದಕ್ಕೆ ತುದಿಯಲ್ಲಿ ದಟ್ಟ, ಇನ್ನೊಂದಕ್ಕೆ ಸುರುಳಿಯ ನಡುವೆ ತಿಳಿ ಗೆರೆ, ಮತ್ತೊಂದಕ್ಕೆ ಸೂರ್ಯ ಮುಳುಗಿದ ಮೇಲೆ ಉಳಿಯುವಷ್ಟೇ ಕೆಂಪು. ಒಂದು ಎಳೆಯ ಕುಂಚದಿಂದ ಬಾಯಂಚನ್ನು ಬಿಳಿಯಾಗಿಯೇ ಬಿಟ್ಟು, ಒಣಗಿದ ಮೇಲೆ ಎಣ್ಣೆ ಸವರಿದಳು. ತನ್ನ ಕೈಕೆಲಸ ನೋಡಿ ಅವಳಿಗೇ ಒಂದು ಕ್ಷಣ ಹೆಮ್ಮೆಯೆನಿಸಿತು. ನಾಚಿಕೆಯಾಗಲಿಲ್ಲ.

ಚಿಪ್ಪುಗಳನ್ನು ಅತ್ತಿಗೆಯ ಡಬ್ಬಿಗೆ ಸೇರಿಸುವುದು ಇನ್ನೂ ಸುಲಭವಾಗಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಎಲ್ಲರ ಊಟ ಅಣ್ಣನ ಮನೆಯಲ್ಲೇ. ಅಣ್ಣ ಉಕುಲೇಲೆಯ ತಂತಿ ಮೀಟುತ್ತ ಜಗಲಿಯಲ್ಲಿ ಕೂರುವ ಹೊತ್ತಿಗೆ ಮೋಕಿಹಾನಾ ಚಿಪ್ಪಿನ ಕೋಣೆಗೆ ಹೋಗಿ, ತಿಳಿಗುಲಾಬಿ ಚಿಪ್ಪು ಅರ್ಧ ತುಂಬಿದ್ದ ಡಬ್ಬಿಗೆ ಒಂದು ಹಿಡಿ ಸುರಿದು, ಮೆಲ್ಲಗೆ ಅಲುಗಿಸಿ ಬರುತ್ತಿದ್ದಳು. ಮುಂದಿನ ಭಾನುವಾರ ಇನ್ನೊಂದು ಹಿಡಿ. ಇವಾಲಾನಿ ಮಂಡಿ ಕೆಟ್ಟ ಮೇಲೆ ದಂಡೆಗೆ ಹೋಗುವುದನ್ನು ಬಿಟ್ಟಿದ್ದಳು. ಅವರಿವರು ತಂದುಕೊಟ್ಟದ್ದನ್ನು ಡಬ್ಬಿಗೆ ಹಾಕಿಕೊಳ್ಳುವವಳು. ಪರರ ಚಿಪ್ಪನ್ನು ತನ್ನದೆನ್ನುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿದೆ. ಇದನ್ನೂ ತನ್ನದೇ ಎಂದುಕೊಳ್ಳುತ್ತಾಳೆ ಎಂದು ಮೋಕಿಹಾನಾ ಲೆಕ್ಕ ಹಾಕಿದಳು.

ಲೆಕ್ಕ ಸರಿಯಾಗಿಯೇ ಇದ್ದಂತಿತ್ತು. ಡಬ್ಬಿ ತುಂಬುತ್ತ ಬಂದಂತೆ ಅತ್ತಿಗೆಯ ಮುಖವೂ ಅರಳುತ್ತ ಬಂತು. ಊಟಕ್ಕೆ ಕೂತಾಗ ಮೋಕಿಹಾನಾಳ ತಟ್ಟೆಗೆ ಒಣಮೀನಿನ ದೊಡ್ಡ ತುಂಡು ಬೀಳತೊಡಗಿತು.

"ತಿನ್ನೇ, ಎಷ್ಟು ಸೊರಗಿದೀಯ," ಎನ್ನುತ್ತಿದ್ದಳು ಇವಾಲಾನಿ. "ಪೊಯಿ ಗಂಜಿ ಇನ್ನೊಂದು ಬಟ್ಟಲು ಹಾಕ್ಲಾ?"

"ಹಾಕಿ ಅತ್ತಿಗೆ," ಎಂದಳು ಮೋಕಿಹಾನಾ. ಡಬ್ಬಿ ತುಂಬಿದವರಿಗೆ ಕೈ ಧಾರಾಳವಾಗುವುದು ಸಹಜವೇ ಎಂದು ಒಳಗೊಳಗೇ ನಗುತ್ತ ಮೀನನ್ನೆಲ್ಲ ತಿಂದಳು.

ಉಳಿದದ್ದು ಬಲೆ ಎಳೆಯುವ ಕೆಲಸ. ಹಾರ ಪೋಣಿಸುವ ಹೆಂಗಸರ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತಳು. ಪೇಟೆಯಲ್ಲಿ ಬಣ್ಣದ ಚಿಪ್ಪು ಬರುತ್ತಿದೆ, ನಮ್ಮ ಮಾನ ಹೋಗುತ್ತದೆ, ಈ ವರ್ಷದ ಸ್ಪರ್ಧೆಯಲ್ಲಿ ಗುಲಾಬಿ ಹಾರಗಳನ್ನೆಲ್ಲ ಎಲ್ಲರೆದುರು ರಿಮೂವರಿನ ಹತ್ತಿಯಲ್ಲಿ ಒರೆಸಿ ನೋಡಬೇಕು ಎಂದಳು. ಸಿಕ್ಕಿಬಿದ್ದವಳು ಸಂಘದಿಂದ ಹೊರಗೆ, ಅವಳ ಹೆಸರಿನ ಹಳೆಯ ಹಾರಗಳನ್ನು, ಸಂಗ್ರಹಾಲಯದಲ್ಲಿದ್ದರೂ, ವಿಚಾರಣೆಯಿಲ್ಲದೆ ಇಳಿಸಬೇಕು ಎಂದೂ ಸೇರಿಸಿದಳು. ತಾನು ಈ ಸಲ ಹಾರ ಕೊಡುವುದಿಲ್ಲ, ಯಾರೂ ತನ್ನನ್ನು ಸ್ವಾರ್ಥಿ ಎನ್ನಬಾರದು ಎಂದಳು.

ತೀರ್ಪು ಕೊಡುವ ಹೌಲಾನಿ ಅಜ್ಜಿ ಬೊಚ್ಚು ಬಾಯಿ ಅಲ್ಲಾಡಿಸಿದಳು. "ಒರೆಸೋಣ ಬಿಡು. ಹೆಸರು ಮಾತ್ರ ಕೂಗೋದು ಬೇಡ ಕಣೆ. ಮನೆಗೆ ಕರೆದು ಹೇಳಿದ್ರಾಯ್ತು, ಪಾಪ."

"ಕೂಗ್ಲೇಬೇಕು ಅಜ್ಜಿ. ಉಪ್ಪು ತಿಂದವಳು ನೀರು ಕುಡೀಬೇಕು. ಹೆಸರು ಮುಚ್ಚಿಟ್ರೆ ಉಳಿದೋರ ಮೇಲೆಲ್ಲ ಅನುಮಾನ."

"ಮೋಕಿ ಹೇಳೋದು ಸರಿ," ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಇವಾಲಾನಿ. ಆ ರಾತ್ರಿ ಮೋಕಿಹಾನಾಳಿಗೆ ಗಂಡ ಹೋದ ಮೇಲೆ ಮೊದಲ ಸಲ ಚೆನ್ನಾಗಿ ನಿದ್ದೆ ಬಂತು.

ಸ್ಪರ್ಧೆಯ ದಿನ ಸಭಾಭವನ ತುಂಬಿತ್ತು. ಯಾವ ಹಾರ ಯಾರದು ಎಂಬುದು ತೀರ್ಪಿನವರೆಗೆ, ಹಾರಗಳನ್ನು ಪಡೆದು ಹೆಸರು ಬರೆದುಕೊಳ್ಳುವ ಲೋಪಾಕನೊಬ್ಬನಿಗೇ ಗೊತ್ತಿರುವುದು ಅಲ್ಲಿನ ಪದ್ಧತಿ. ಅವನು ಚರ್ಚಿನಲ್ಲಿ ಹಾಡುವವನು, ದನಿ ಹಿಂದಿನ ಸಾಲಿಗೂ ಕೇಳುತ್ತದೆ. ಅವನು ಒಂದೊಂದೇ ಹಾರವನ್ನು ಕಪ್ಪು ಬಟ್ಟೆಯ ಮೇಲೆ ಹರಡಿದ. ತನ್ನ ಚಿಪ್ಪುಗಳನ್ನು ಮೋಕಿಹಾನಾ ದೂರದಿಂದಲೇ ಗುರುತಿಸಿದಳು. ಅತ್ತಿಗೆಯ ಬಿಗಿ ಹೆಣಿಗೆಯಲ್ಲಿ ಅವು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ ಅವಳು ಕತ್ತು ಚಾಚಿ ನೋಡಿದಳು. ಇದ್ದದ್ದನ್ನು ಹೇಳಬೇಕು, ಆ ಹೆಂಗಸಿನ ಕೈಯಲ್ಲಿ ಕಲೆಯಿತ್ತು. ಇದ್ದರೆ ಇರಲಿ ಎಂದುಕೊಂಡಳು.

ಹೌಲಾನಿ ಅಜ್ಜಿ ಹತ್ತಿಯನ್ನು ಅದ್ದಿ ಮೊದಲನೆಯ ಹಾರ ಒರೆಸಿದಳು, ಹತ್ತಿ ಬಿಳಿಯೇ. ಎರಡನೆಯದು, ಬಿಳಿ. ಮೂರನೆಯದಕ್ಕೆ ಹತ್ತಿ ಇಟ್ಟು ತೆಗೆದಾಗ ಅದು ಮಕ್ಕಳ ಐಸ್‌ಕ್ಯಾಂಡಿಯ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಇನ್ನೊಂದು ಕಡೆ ಒರೆಸಿದಳು. ಅಲ್ಲಿಯೂ ಗುಲಾಬಿ ಕಿತ್ತುಬಂದು, ಬಿಳಚಿದ ಚಿಪ್ಪು ಎಲ್ಲರ ಕಣ್ಣಿಗೆ ಬಿತ್ತು.

ಲೋಪಾಕ ಹಾರವನ್ನು ಮಡಚಿ ಬದಿಗಿಟ್ಟ. "ಮುಂದಿನದು ನೋಡೋಣ," ಎಂದ, ಎಂದಿಗಿಂತ ಸಣ್ಣ ದನಿಯಲ್ಲಿ.

"ಹೆಸರು ಹೇಳು," ಎಂದಳು ಮೋಕಿಹಾನಾ.

"ಬೇಡ ಅಕ್ಕ. ಆಮೇಲೆ ಮಾತಾಡೋಣ."

"ಸಂಘ ಒಪ್ಪಿದ ಮಾತು. ಎಲ್ರಿಗೂ ಕೇಳೋ ಹಾಗೆ ಹೇಳು."

ಲೋಪಾಕ ನೆಲ ನೋಡಿದ. ಆಮೇಲೆ, ಕೇಳಿದ್ದಕ್ಕೆ ತಕ್ಕಂತೆ, ಹಿಂದಿನ ಸಾಲಿಗೂ ಮುಟ್ಟುವಂತೆ ಹೇಳಿದ: "ಮೋಕಿಹಾನಾ."

"ನಾನು ಹಾರ ಕೊಟ್ಟೇ ಇಲ್ಲ," ಎಂದಳು ಅವಳು. "ಪೋಣಿಸಿದೋಳು ಅತ್ತಿಗೆ. ಕೇಳಿ ಬೇಕಾದ್ರೆ."

ಇವಾಲಾನಿ ಮಂಡಿ ಹಿಡಿದು ಎದ್ದಳು. "ಪೋಣಿಸಿದ್ದು ನಾನೇ. ಚಿಪ್ಪು ಮಾತ್ರ ಅವಳದ್ದು. ಇಪ್ಪತ್ತು ವರ್ಷ ಅದೇ ಮರಳಲ್ಲಿ ಬಿದ್ಕೊಂಡು ಹೆಕ್ಕಿದೋಳು ನಾನು, ನನ್ನ ಡಬ್ಬೀಲಿ ನಂದಲ್ಲದ ಚಿಪ್ಪು ಒಂದು ಬಿದ್ರೂ ನಂಗೆ ಗೊತ್ತಾಗಲ್ವಾ? ಮೊದಲನೇ ಭಾನುವಾರಾನೇ ಗೊತ್ತಾಯ್ತು. ಹಳೇದೆಲ್ಲ ಮರೆತು, ಹೇಳದೇನೇ ತಂದು ಹಾಕ್ತಿದಾಳೆ ಅಂದ್ಕೊಂಡೆ. ಕೊಟ್ಟೋಳು ಬಾಯಿ ಬಿಡ್ಲಿಲ್ಲ, ನಾನೂ ಕೇಳ್ಲಿಲ್ಲ. ಈ ಸಲನಾದ್ರೂ ಅವಳ ಹೆಸರಲ್ಲೇ ಹೋಗ್ಲಿ ಅಂತ ಲೋಪಾಕನ ಹತ್ರ ಹೇಳ್ದೆ." ಅವಳು ನಾದಿನಿಯ ಕಡೆ ತಿರುಗಿದಳು. "ಬಣ್ಣ ಯಾಕೆ ಹಾಕ್ದೆ ಮೋಕಿ?"

ಮೋಕಿಹಾನಾ ಬದಿಗಿಟ್ಟ ಹಾರದ ಕಡೆ ನೋಡಿದಳು. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳಾದ ಮಾತು ಒಂದೂ ಇರಲಿಲ್ಲ. ನಿಜ ಹೇಳಿದರೆ ಇನ್ನೂ ಕೆಟ್ಟದ್ದಾಗುತ್ತಿತ್ತು. ಹೌಲಾನಿ ಅಜ್ಜಿ ಕೈ ಒರೆಸಿಕೊಂಡು, ಸಂಘದ ಮಾತು ಸಂಘದ ಮಾತೇ, ಇವಳ ಹಳೆಯ ಹಾರಗಳನ್ನೂ ಇಳಿಸಬೇಕು ಎಂದಳು. ಇಳಿಸಲು ನಂದೊಂದೂ ಇಲ್ಲ, ನನ್ನ ಹೆಸರಿನ ಹಾರ ಈ ಊರಲ್ಲಿ ಎಲ್ಲಿದೆ ಎಂದು ಮೋಕಿಹಾನಾ ಕೇಳಿದಳು. ಆಗ ಇವಾಲಾನಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಬೆಳಿಗ್ಗೆ ಇಲ್ಲಿಗೆ ಬರುವ ಮೊದಲು ಅವಳು ಸಂಗ್ರಹಾಲಯಕ್ಕೆ ಹೋಗಿ, ತನ್ನ ಹೆಸರಿನ ತಗಡನ್ನು ಬಿಚ್ಚಿಸಿ, ಮೋಕಿಹಾನಾ ಎಂದು ಕೊರೆಸಿದ ಹೊಸ ತಗಡನ್ನು ಹಾಕಿಸಿ ಬಂದಿದ್ದಳು.